ಎಂಟು ವರ್ಷದ ಲ್ಯಾಪ್‌ಟಾಪ್, ಏಳು ವಾರ್ಷಿಕ ವರದಿ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇದು 2025ರ ಮಳೆಗಾಲದಲ್ಲಿ ನಡೆದ ಪ್ರಕರಣ. ಘಟ್ಟದ ಮೇಲಿನ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಕಂಪ್ಯೂಟರ್ ದುರಸ್ತಿಯ ಸಣ್ಣ ಅಂಗಡಿ ನಡೆಸುತ್ತೇನೆ. ಅದೇ ಊರಿನಲ್ಲಿ ಮನೆಯಿಂದಲೇ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸಿ ಅಚ್ಚಿಗೆ ಸಿದ್ಧಗೊಳಿಸುವ) ಕೆಲಸ ಮಾಡುವ ಮಹಿಳೆಯೊಬ್ಬರ ಲ್ಯಾಪ್‌ಟಾಪು ಹೇಗೆ ಕೆಟ್ಟಿತು, ಅದಕ್ಕೆ ಏನೇನು ಕೊಂಡರು, ಯಾವುದು ಉಪಯೋಗಕ್ಕೆ ಬಂತು ಎಂಬುದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ದಾಖಲಿಸುತ್ತಿದ್ದೇನೆ. ಅವರ ಹೆಸರು, ಊರು, ಯಂತ್ರದ ಕಂಪನಿ, ನಡುವೆ ಬರುವ ಅಂಗಡಿಗಳ ಹೆಸರು, ಇವೆಲ್ಲವನ್ನೂ ಬಿಟ್ಟಿದ್ದೇನೆ. ಅವರನ್ನು ಪುಟವಿನ್ಯಾಸಕಿ ಎಂದೇ ಕರೆಯುತ್ತೇನೆ.

ಅವರ ವರ್ಷದ ಕೆಲಸಕ್ಕೆ ಒಂದು ಲಯವಿದೆ. ಮಾಘದಿಂದ ವೈಶಾಖದವರೆಗೆ ಲಗ್ನಪತ್ರಿಕೆ ಮತ್ತು ಉಪನಯನದ ಕರೆಯೋಲೆ, ನಡುನಡುವೆ ಶಾಲೆಗಳ ಸ್ಮರಣ ಸಂಚಿಕೆ; ಜುಲೈ ಬಂತೆಂದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ವಾರ್ಷಿಕ ವರದಿಗಳು. ಸೆಪ್ಟೆಂಬರಿನಲ್ಲಿ ಸೊಸೈಟಿಗಳ ಮಹಾಸಭೆ ನಡೆಯುವುದರಿಂದ, ಅದಕ್ಕೆ ಮೊದಲು ವರದಿ ಅಚ್ಚಾಗಿ ಸದಸ್ಯರ ಕೈ ಸೇರಬೇಕು. ಅಢಾವೆ ಪತ್ರಿಕೆ, ಲಾಭ-ಹಾನಿ ತಖ್ತೆ, ಸದಸ್ಯರ ಮಕ್ಕಳಿಗೆ ಕೊಟ್ಟ ಪ್ರತಿಭಾ ಪುರಸ್ಕಾರದ ಫೋಟೋಗಳು ಎಲ್ಲ ಸೇರಿ ಒಂದೊಂದು ವರದಿ ಅರವತ್ತು ಪುಟ ಮೀರುತ್ತದೆ. ಆ ವರ್ಷ ಅವರ ಕೈಯಲ್ಲಿ ಅಂಥ ಏಳು ವರದಿಗಳಿದ್ದವು.

ಅವರ ಲ್ಯಾಪ್‌ಟಾಪು 2017ರಲ್ಲಿ ಕೊಂಡದ್ದು. ಇಂಟೆಲ್ ಆರನೇ ಪೀಳಿಗೆಯ ಐ3-6006ಯು ಪ್ರೊಸೆಸರ್, 4 ಜಿಬಿ ಡಿಡಿಆರ್4 ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್, 15.6 ಅಂಗುಲದ 1366×768 ಪರದೆ, ಡಿವಿಡಿ ಡ್ರೈವ್, ಹಿಂದಿನಿಂದ ಕೈಯಲ್ಲೇ ಕಳಚಬಹುದಾದ 40 ವ್ಯಾಟ್-ಅವರ್ ಬ್ಯಾಟರಿ. ಅದರಲ್ಲಿ ಅವರು ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಬೆರಳಚ್ಚಿಗೆ ನುಡಿ ಎಂಬ ತಂತ್ರಾಂಶಗಳನ್ನು ಬಳಸುತ್ತಾರೆ. ಪೇಜ್‌ಮೇಕರಿನ ಈ ಆವೃತ್ತಿ ಬಂದದ್ದು 2001ರಲ್ಲಿ. ಆದರೂ ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ಇಂದಿಗೂ ಅದೇ ಚಲಾವಣೆಯಲ್ಲಿದೆ, ಮತ್ತು ಅವರ ಹನ್ನೆರಡು ವರ್ಷದ ಕೆಲಸವೆಲ್ಲ ಅದರ ಕಡತಗಳಲ್ಲೇ ಇದೆ.

ಸಮಸ್ಯೆ

ಜುಲೈ ಎರಡನೆಯ ವಾರದಲ್ಲಿ ಅವರು ಮಗನೊಂದಿಗೆ ಅಂಗಡಿಗೆ ಬಂದಾಗ ಮೂರು ದೂರು ಹೇಳಿದರು. ಯಂತ್ರ ಹಚ್ಚಿದರೆ ಕೆಲಸಕ್ಕೆ ಸಿಗುವ ಹೊತ್ತಿಗೆ ಒಂದು ಕಪ್ ಚಹಾ ಕುಡಿದು ಮುಗಿಯುತ್ತದೆ, ಪಿಡಿಎಫ್ ಮಾಡಲು ಕೊಟ್ಟರೆ ಹತ್ತು-ಹನ್ನೆರಡು ನಿಮಿಷ ಕಾಯಬೇಕು ಎಂಬುದು ಒಂದು. ಬ್ಯಾಟರಿ ಒಂದು ವರ್ಷದಿಂದ ಚಾರ್ಜೇ ಆಗುವುದಿಲ್ಲ, ಹಾಗಾಗಿ ಕರೆಂಟು ಹೋದ ಕೂಡಲೇ ಯಂತ್ರ ಆರಿ ಮಾಡಿದ ಕೆಲಸ ಹಾಳಾಗುತ್ತದೆ ಎಂಬುದು ಎರಡನೆಯದು. ನಮ್ಮಲ್ಲಿ ಜುಲೈ ಎಂದರೆ ದಿನಕ್ಕೆ ಆರೇಳು ಸಲ ಕರೆಂಟು ಹೋಗಿ ಬರುವ ಕಾಲ. ಮೂರನೆಯದನ್ನು ಅವರು ಸಂಕೋಚದಿಂದ ಹೇಳಿದರು: ಒತ್ತಕ್ಷರ ಬರುತ್ತಿಲ್ಲ.

ಆ ಮಾತು ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಕೀಲಿಮಣೆಯನ್ನು ನೋಡಿದ ಮೇಲೆ ಗೊತ್ತಾಯಿತು. ನುಡಿಯ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸಲು ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತಬೇಕು. ಎಂಟು ವರ್ಷ ದಿನಕ್ಕೆ ಸಾವಿರಾರು ಸಲ ಬಿದ್ದ ಪೆಟ್ಟಿಗೆ ಆ ಒಂದು ಕೀಲಿಯ ಅಕ್ಷರ ಪೂರ್ತಿ ಅಳಿಸಿ, ಅದರ ಮೇಲ್ಮೈ ನುಣುಪಾಗಿ, ನಡುವೆ ತುಸು ತಗ್ಗಾಗಿತ್ತು. ಪಕ್ಕದ ಕೀಲಿಗಳು ಹೊಸದರಂತೆಯೇ ಇದ್ದವು. ಇಂಗ್ಲಿಷ್ ಬೆರಳಚ್ಚಿನವರ ಯಂತ್ರದಲ್ಲಿ ಎಫ್ ಹೀಗೆ ಸವೆಯುವುದನ್ನು ನಾನು ನೋಡಿಲ್ಲ.

ನನ್ನ ಬಳಿ ಬರುವ ಮೊದಲು ಅವರು ಕೈಕಟ್ಟಿ ಕುಳಿತಿರಲಿಲ್ಲ. ಈ ಪ್ರಕರಣದ ಮುಖ್ಯ ಪಾಠ ಅಡಗಿರುವುದು ಆ ಒಂದು ವರ್ಷದ ಖರೀದಿಗಳಲ್ಲೇ, ಆದ್ದರಿಂದ ಅವನ್ನು ಕ್ರಮವಾಗಿ ಹೇಳುತ್ತೇನೆ. 2024ರ ಜೂನ್‌ನಲ್ಲಿ ಮೂಲ ಅಡಾಪ್ಟರಿನ ತಂತಿ ಕುತ್ತಿಗೆಯ ಹತ್ತಿರ ಸೀಳಿತು. ₹450ಕ್ಕೆ ಬೇರೊಂದು ಅಡಾಪ್ಟರ್ ಕೊಂಡರು. ಅದೇ ಮಳೆಗಾಲದಲ್ಲಿ ಬ್ಯಾಟರಿ ಚಾರ್ಜ್ ಆಗುವುದು ನಿಂತಿತು. ಹಳತಾಯಿತು ಎಂದುಕೊಂಡು ಆನ್‌ಲೈನಿನಲ್ಲಿ ₹1,400ರ ಬ್ಯಾಟರಿ ತರಿಸಿದರು. ಅದೂ ಚಾರ್ಜ್ ಆಗಲಿಲ್ಲ. ಒಂದು ದುರಸ್ತಿ ಅಂಗಡಿಗೆ ಒಯ್ದಾಗ, ಎರಡೆರಡು ಬ್ಯಾಟರಿ ಕೆಟ್ಟಿರಲಾರವು, ಮದರ್‌ಬೋರ್ಡಿನ ಚಾರ್ಜಿಂಗ್ ಐಸಿ (ಬ್ಯಾಟರಿಗೆ ಚಾರ್ಜ್ ಕೊಡುವ ಚಿಪ್) ಹೋಗಿದೆ, ₹6,500 ಆಗುತ್ತದೆ ಎಂದರು. ಅಷ್ಟು ಖರ್ಚಿಗೆ ಮನಸ್ಸಾಗದೆ ಅವರು ಬ್ಯಾಟರಿಯಿಲ್ಲದೆಯೇ ಕೆಲಸ ಮುಂದುವರಿಸಿದರು. ಯಂತ್ರ ನಿಧಾನವಾದಾಗ ಬಿಸಿಯಾಗುತ್ತಿರಬೇಕೆಂದು ₹900 ಕೊಟ್ಟು ಫ್ಯಾನಿರುವ ಕೂಲಿಂಗ್ ಪ್ಯಾಡ್ ತಂದರು. ಕೊನೆಗೆ ಬೆಂಗಳೂರಿನಲ್ಲಿ ಓದುವ ಮಗ ವಿಡಿಯೋ ಒಂದನ್ನು ನೋಡಿ, ಎಸ್.ಪಿ. ರಸ್ತೆಯ ಅಂಗಡಿಯಿಂದ ₹3,300ಕ್ಕೆ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಎಂ.2 ಎಂಬ ಸ್ಲಾಟಿನಲ್ಲಿ ಕೂರುವ ವೇಗದ ಸಂಗ್ರಹ ಡ್ರೈವ್) ತಂದು ಹಾಕಲು ಹೋದಾಗ ಅದು ಕೂರಲೇ ಇಲ್ಲ.

ಕೂರದಿದ್ದುದಕ್ಕೆ ಕಾರಣ ಸರಳ. ಎಂ.2 ಎಂಬುದು ಕನೆಕ್ಟರಿನ ಆಕಾರದ ಹೆಸರೇ ಹೊರತು ಅದರಲ್ಲಿ ಏನು ಕೆಲಸ ಮಾಡುತ್ತದೆ ಎಂಬುದರ ಹೆಸರಲ್ಲ. ಈ ಯಂತ್ರದ ಬೋರ್ಡಿನಲ್ಲಿ ಎಂ.2 ಸ್ಲಾಟ್ ಇರುವುದು ನಿಜ, ಆದರೆ ಅದು ವೈ-ಫೈ ಕಾರ್ಡಿನದು. 30 ಮಿಲಿಮೀಟರ್ ಉದ್ದದ ಕಾರ್ಡಿಗೆ ಮಾಡಿದ್ದು, ಅದರ ಕಚ್ಚು ಬೇರೆ ಜಾಗದಲ್ಲಿದೆ. ಎನ್‌ವಿಎಂಇ ಡ್ರೈವ್ 80 ಮಿಲಿಮೀಟರ್ ಉದ್ದ, ಅದರ ಕಚ್ಚು ಇನ್ನೊಂದು ಕಡೆ. ಇದರೊಳಗೆ ಎಸ್‌ಎಸ್‌ಡಿ ಹಾಕಲು ಉಳಿದದ್ದು ಹಾರ್ಡ್ ಡಿಸ್ಕ್ ಕೂರುವ ಎರಡೂವರೆ ಅಂಗುಲದ, ಸಾಟಾ ಎಂಬ ಹಳೆಯ ಬಗೆಯ ಸಂಪರ್ಕದ ಜಾಗ ಮಾತ್ರ.

ನನ್ನ ಬಳಿ ಬಂದಾಗ ಅವರು ಬಹುಮಟ್ಟಿಗೆ ನಿರ್ಧರಿಸಿಯೇ ಬಂದಿದ್ದರು: ಇದನ್ನು ಮಾರಿ ₹45,000ದ ಆಸುಪಾಸಿನ ಹೊಸದೊಂದನ್ನು ಕೊಳ್ಳುವುದು. ಹಳೆಯದನ್ನೇ ಸರಿಪಡಿಸಿಕೊಳ್ಳಿ ಎಂದು ನಾನು ಅವರನ್ನು ಒಪ್ಪಿಸಿದ್ದು ಹಣದ ಲೆಕ್ಕದಿಂದಲ್ಲ. ಏಳು ವರದಿಗಳು ತಲೆಯ ಮೇಲಿರುವಾಗ ಹೊಸ ಯಂತ್ರ, ಹೊಸ ವಿಂಡೋಸ್, ಹೊಸದಾಗಿ ಕೂರಿಸಿದ ಫಾಂಟುಗಳು ಎಲ್ಲವನ್ನೂ ಒಟ್ಟಿಗೆ ಎದುರಿಸುವುದು ಸರಿಯಲ್ಲ ಎನಿಸಿತು. ಸೀಸನ್ ಮುಗಿದ ಮೇಲೆ ಬೇಕಾದರೆ ಕೊಳ್ಳಬಹುದಿತ್ತು.

ಮೊದಲ ತಿರುವು: ಹಾರ್ಡ್ ಡಿಸ್ಕ್

ಯಾವ ಭಾಗವನ್ನೂ ತರಿಸುವ ಮೊದಲು ಯಂತ್ರವನ್ನು ಹಚ್ಚಿ, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಅರ್ಧ ಗಂಟೆ ನೋಡಿದೆ. ಡಿಸ್ಕ್ 100 ಪ್ರತಿಶತದಿಂದ ಕೆಳಗಿಳಿಯುತ್ತಿರಲಿಲ್ಲ, ರ‍್ಯಾಮ್ 90ರ ಮೇಲೆ. ಇವೆರಡೂ ಒಂದೇ ಕಾಯಿಲೆಯ ಎರಡು ಮುಖ: 4 ಜಿಬಿ ಸಾಲದಾದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿನಲ್ಲಿ ಬರೆದು ಓದುತ್ತಿರುತ್ತದೆ, ಮತ್ತು ಸೂಜಿಯನ್ನು ಅತ್ತಿತ್ತ ಓಡಿಸಿ ಚಿಕ್ಕಚಿಕ್ಕ ತುಣುಕು ಹುಡುಕುವ ಕೆಲಸದಲ್ಲಿ 5400 ಸುತ್ತಿನ ಡಿಸ್ಕ್ ತೀರ ದುರ್ಬಲ. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಡಿಸ್ಕಿನ ಆರೋಗ್ಯದ ವರದಿ. ಡಿಸ್ಕ್ ತನ್ನ ದೋಷಗಳನ್ನು ತಾನೇ ಬರೆದಿಡುವ ಸ್ಮಾರ್ಟ್ ದಾಖಲೆಯಲ್ಲಿ, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು (ಡಿಸ್ಕಿನ ಸಣ್ಣ ಭಾಗಗಳು) 24 ಎಂದು ತೋರಿಸುತ್ತಿತ್ತು.

ಇಲ್ಲಿ ನನ್ನ ಯೋಜನೆ ಬದಲಾಯಿತು. ಮೊದಲಿದ್ದ ಆಲೋಚನೆ ಇದು: ಹಳೆಯ ಡಿಸ್ಕನ್ನು ಹಾಗೆಯೇ ಹೊಸ ಎಸ್‌ಎಸ್‌ಡಿಗೆ ನಕಲು ಮಾಡುವುದು, ಆಮೇಲೆ ಡಿವಿಡಿ ಡ್ರೈವ್ ತೆಗೆದು 9.5 ಮಿಲಿಮೀಟರ್ ದಪ್ಪದ ಕ್ಯಾಡಿಯಲ್ಲಿ (ಆ ಜಾಗದಲ್ಲಿ ಡಿಸ್ಕ್ ಕೂರಿಸುವ ಚೌಕಟ್ಟು) ಹಳೆಯ ಡಿಸ್ಕನ್ನೇ ಹೆಚ್ಚುವರಿ ಸಂಗ್ರಹವಾಗಿ ಕೂರಿಸುವುದು. ಇಂಥ ಬದಲಾವಣೆಯನ್ನು ನಾನು ಎಷ್ಟೋ ಯಂತ್ರಗಳಿಗೆ ಮಾಡಿದ್ದೇನೆ. ಆದರೆ ಸಾಯುತ್ತಿರುವ ಡಿಸ್ಕನ್ನು ಯಂತ್ರದೊಳಗೆ ಮತ್ತೆ ಕೂರಿಸುವುದರಲ್ಲಿ ಅರ್ಥವಿರಲಿಲ್ಲ, ಮೊದಲು ಪೂರ್ತಿ ನಕಲು ಮಾಡುವುದೂ ತಪ್ಪಾಗುತ್ತಿತ್ತು. ನಕಲು ಎಂದರೆ ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಗಂಟೆಗಟ್ಟಲೆ ಓದಿಸುವುದು. ನಡುವೆ ಅದು ಕೈಕೊಟ್ಟರೆ, ವಿಂಡೋಸಿನ ಕಡತಗಳು ಬಂದಿರುತ್ತವೆ, ಹನ್ನೆರಡು ವರ್ಷದ ಕೆಲಸ ಬಂದಿರುವುದಿಲ್ಲ.

ಆದ್ದರಿಂದ ಮೊದಲು ಕೆಲಸದ ಫೋಲ್ಡರುಗಳು, ಆಮೇಲೆ ಉಳಿದದ್ದು ಎಂದು ಕ್ರಮ ಹಾಕಿದೆ. ಅದಕ್ಕೊಂದು ಜಾಗ ಬೇಕಿತ್ತು. ಯಂತ್ರದೊಳಗೆ ಕೂರದ ಮಗನ ಎನ್‌ವಿಎಂಇ ಡ್ರೈವನ್ನು ₹1,500ರ ಯುಎಸ್‌ಬಿ ಎನ್‌ಕ್ಲೋಷರಿನಲ್ಲಿ (ಡ್ರೈವನ್ನು ಹೊರಗಿನಿಂದ ಜೋಡಿಸುವ ಪೆಟ್ಟಿಗೆ) ಹಾಕಿದಾಗ ಅದೇ ಬ್ಯಾಕಪ್ ಡ್ರೈವಾಯಿತು. ಎನ್‌ಕ್ಲೋಷರ್ ಕೊಳ್ಳುವಾಗ ಅದು ಎನ್‌ವಿಎಂಇಗೆ ಮಾಡಿದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಎಂ.2 ಸಾಟಾಕ್ಕೆ ಮಾತ್ರ ಹೊಂದುವ ಅಗ್ಗದ ಎನ್‌ಕ್ಲೋಷರುಗಳು ನೋಡಲು ಹಾಗೆಯೇ ಇರುತ್ತವೆ. 118 ಜಿಬಿ ಕಡತಗಳು ದಾಟಲು ಒಂದು ಇಡೀ ರಾತ್ರಿ ಹಿಡಿಯಿತು. ಎರಡು ಕಡತಗಳು ಓದಲು ಸಿಗಲಿಲ್ಲ. ಎರಡೂ 2019ರ ಒಂದು ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯವು; ಒಂದರ ಪ್ರತಿ ಪ್ರೆಸ್ಸಿನವರ ಬಳಿ ಸಿಕ್ಕಿತು, ಇನ್ನೊಂದು ಇಂದಿಗೂ ಸಿಕ್ಕಿಲ್ಲ.

ಮರುದಿನ, ಅವರ ಸೆಟಿಂಗುಗಳೆಲ್ಲ ಉಳಿಯಲಿ ಎಂಬ ಆಸೆಯಿಂದ ಪೂರ್ತಿ ನಕಲಿಗೂ ಒಮ್ಮೆ ಪ್ರಯತ್ನಿಸಿದೆ. ಅದು 61 ಪ್ರತಿಶತದಲ್ಲಿ ನಿಂತಿತು. ದೋಷವಿರುವ ಸೆಕ್ಟರುಗಳನ್ನು ಬಿಟ್ಟು ಮುಂದುವರಿಸುವ ಆಯ್ಕೆಯಿತ್ತು. ಆದರೆ ಹಾಗೆ ಬಂದ ವಿಂಡೋಸಿನಲ್ಲಿ ಯಾವ ಕಡತ ಅರೆಬರೆಯಾಗಿದೆ ಎಂದು ತಿಳಿಯುವುದಿಲ್ಲ. ಕೈಬಿಟ್ಟು, 500 ಜಿಬಿಯ ಸಾಟಾ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 10ನ್ನು ಹೊಸದಾಗಿ ಹಾಕಿದೆ. ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಅದು ತಾನಾಗಿಯೇ ಸಕ್ರಿಯವಾಯಿತು. ಪೇಜ್‌ಮೇಕರ್ ಇದ್ದದ್ದು ಸಿಡಿಯಲ್ಲಿ. ಹಿಂದಿನ ದಿನ ತೆಗೆದುಹಾಕಬೇಕೆಂದಿದ್ದ ಡಿವಿಡಿ ಡ್ರೈವೇ ಆ ದಿನ ಬೇಕಾಯಿತು.

ಖಾಲಿಯಿದ್ದ ಎರಡನೆಯ ಸ್ಲಾಟಿಗೆ 8 ಜಿಬಿ ರ‍್ಯಾಮ್ ಹಾಕಿ ಒಟ್ಟು 12 ಜಿಬಿ ಮಾಡಿದೆ. ಕೊಂಡದ್ದು 2400 ವೇಗದ್ದು, ಈ ಪ್ರೊಸೆಸರ್ ಅದನ್ನು 2133ರಲ್ಲೇ ಓಡಿಸುತ್ತದೆ; ತೊಂದರೆಯಿಲ್ಲ. ಈಗ ಯೋಚಿಸಿದರೆ 8ರ ಬದಲು ಇನ್ನೊಂದು 4 ಜಿಬಿ ಹಾಕಿದ್ದರೇ ಸಾಕಿತ್ತು ಎನಿಸುತ್ತದೆ. ಪೇಜ್‌ಮೇಕರ್ 32 ಬಿಟ್ಟಿನ ತಂತ್ರಾಂಶ, ಎಷ್ಟು ರ‍್ಯಾಮ್ ಹಾಕಿದರೂ ಅದು ಒಂದು ಮಿತಿಯ ಆಚೆ ಬಳಸಿಕೊಳ್ಳಲಾರದು. ಹೆಚ್ಚಿನ ರ‍್ಯಾಮ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಪಕ್ಕದಲ್ಲಿ ತೆರೆದಿರುವ ಕ್ರೋಮಿಗೆ ಮತ್ತು ಸೊಸೈಟಿಯ ಕಾರ್ಯದರ್ಶಿಗಳು ಫೋಟೋ ಕಳಿಸುವ ವಾಟ್ಸ್‌ಆ್ಯಪ್ ವೆಬ್ಬಿಗೆ. ಬೆಲೆಯ ವ್ಯತ್ಯಾಸ ಆಗ ಕಡಿಮೆಯಿತ್ತು ಎಂಬುದಷ್ಟೇ ನನ್ನ ಸಮರ್ಥನೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಏರಿದ ಮೇಲೆ ಹೀಗೆ ಕೈಬಿಚ್ಚಿ ಸಲಹೆ ಕೊಡುವುದನ್ನು ನಿಲ್ಲಿಸಿದ್ದೇನೆ.

ಎರಡನೆಯ ತಿರುವು: ಇನ್ನೂ ಉಳಿದ ನಿಧಾನ

ಯಂತ್ರ ಇಪ್ಪತ್ತು ಸೆಕೆಂಡಿನಲ್ಲಿ ತೆರೆದುಕೊಂಡಾಗ ಎಲ್ಲರಿಗೂ ಸಮಾಧಾನವಾಯಿತು. ಪುಟವಿನ್ಯಾಸಕಿ ಅಲ್ಲೇ ಕುಳಿತು ಹಿಂದಿನ ವರ್ಷದ 64 ಪುಟದ ವರದಿಯೊಂದನ್ನು ತೆರೆದರು, ಕ್ಷಣದಲ್ಲಿ ತೆರೆಯಿತು. ಪಿಡಿಎಫ್ ಮಾಡಲು ಕೊಟ್ಟರು. ಐದು ನಿಮಿಷವಾಯಿತು, ಎಂಟಾಯಿತು. ಹನ್ನೊಂದನೆಯ ನಿಮಿಷದಲ್ಲಿ ಮುಗಿಯಿತು. ಮೊದಲೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಅವರು ಏನೂ ಅನ್ನಲಿಲ್ಲ, ಗಡಿಯಾರ ನೋಡಿಕೊಂಡರು. ಎಸ್‌ಎಸ್‌ಡಿ ಹಾಕಿದರೆ ಹೊಸದಾಗುತ್ತದೆ ಎಂದು ನಾನೇ ಹೇಳಿದ್ದೆ.

ಟಾಸ್ಕ್ ಮ್ಯಾನೇಜರಿನಲ್ಲಿ ಈಗ ಡಿಸ್ಕ್ ಸುಮ್ಮನಿತ್ತು, ರ‍್ಯಾಮ್ ಅರ್ಧವೂ ತುಂಬಿರಲಿಲ್ಲ, ಪ್ರೊಸೆಸರ್ ಮಾತ್ರ 100ರಲ್ಲಿತ್ತು. ಅದರ ವೇಗ 0.78 ಗಿಗಾಹರ್ಟ್ಸ್ ಎಂದು ತೋರಿಸುತ್ತಿತ್ತು. ಈ ಪ್ರೊಸೆಸರಿನ ನಿಗದಿತ ವೇಗ 2 ಗಿಗಾಹರ್ಟ್ಸ್. ಪೂರ್ತಿ ಹೊರೆಯಿರುವಾಗ ಅದು ಅಲ್ಲಿಗೆ ಏರಲೇಬೇಕು. ಯಾವುದೋ ಅದನ್ನು ಹಿಡಿದಿಟ್ಟಿತ್ತು.

ನನಗೆ ಮೊದಲು ಹೊಳೆದದ್ದು ಬಿಸಿ. ತಳ ಬಿಚ್ಚಿದಾಗ ಆ ಅನುಮಾನ ಗಟ್ಟಿಯಾಯಿತು. ಫ್ಯಾನಿಗೂ ತಾಮ್ರದ ನಳಿಗೆಯ ತುದಿಯ ರೆಕ್ಕೆಗಳಿಗೂ ನಡುವೆ ಎಂಟು ವರ್ಷದ ಧೂಳು ಹತ್ತಿಯ ಮೆತ್ತೆಯಂತೆ ಕೂತಿತ್ತು; ಚಿಮುಟದಿಂದ ಎಳೆದಾಗ ಒಂದೇ ತುಂಡಾಗಿ, ರೆಕ್ಕೆಗಳ ಗೆರೆಗಳನ್ನು ಹೊತ್ತುಕೊಂಡೇ ಎದ್ದು ಬಂತು. ಒಳಗೆ ಗಾಳಿಯ ದಾರಿಯೇ ಮುಚ್ಚಿರುವಾಗ ಹೊರಗಿನಿಂದ ಎಂಥ ಕೂಲಿಂಗ್ ಪ್ಯಾಡ್ ಇಟ್ಟರೂ ತಳದ ಪ್ಲಾಸ್ಟಿಕ್ ತಣ್ಣಗಾಗುತ್ತದೆ ಅಷ್ಟೆ. ಧೂಳು ತೆಗೆದು, ಪ್ರೊಸೆಸರಿನ ಬಿಸಿಯನ್ನು ನಳಿಗೆಗೆ ದಾಟಿಸುವ, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಕೆಲಸದ ಹೊತ್ತಿನ ತಾಪ 84 ಡಿಗ್ರಿಯಿಂದ 66ಕ್ಕೆ ಇಳಿಯಿತು. ವೇಗ 0.78ರಲ್ಲೇ ಇತ್ತು.

ಆ ಸಂಖ್ಯೆ ಅಲುಗದಿದ್ದದ್ದೇ ನನಗೆ ಸಿಕ್ಕ ದೊಡ್ಡ ಸುಳಿವು. ಬಿಸಿಯ ಕಾರಣಕ್ಕೆ ಪ್ರೊಸೆಸರ್ ನಿಧಾನವಾಗುತ್ತಿದ್ದರೆ ತಂಪಾದ ಮೇಲೆ ವೇಗ ಏರಬೇಕು, ಮತ್ತೆ ಬಿಸಿಯಾದಾಗ ಇಳಿಯಬೇಕು, ಸಂಖ್ಯೆ ಮೇಲೆ ಕೆಳಗೆ ಆಡುತ್ತಿರಬೇಕು. ಇದು ಗೂಟಕ್ಕೆ ಕಟ್ಟಿದ ಹಾಗೆ ಒಂದೇ ಕಡೆ ನಿಂತಿತ್ತು. ಯಾರೋ ಬೇಕೆಂದೇ ಇಟ್ಟ ಮಿತಿ ಇದು ಎನಿಸಿತು.

ಯಂತ್ರವನ್ನು ಮರಳಿ ಹಚ್ಚಲು ಅವರಿಗೇ ಹೇಳಿದೆ. ಗುಂಡಿ ಒತ್ತಿದರು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ನಾಲ್ಕು ಸಾಲು ಬಂದವು. ಓದಲು ಸಮಯವೇ ಇಲ್ಲದ ಹಾಗೆ ಅವರ ಬೆರಳು ಎಫ್-1 ಕೀಲಿಯ ಮೇಲೆ ಹೋಯಿತು, ಸಾಲುಗಳು ಮಾಯವಾದವು.

“ಅದೇನು ಬಂತು?” ಎಂದು ಕೇಳಿದೆ.

“ಅದು ದಿನಾ ಬರ್ತದೆ. ಎಫ್ ಒಂದು ಒತ್ತಿದ್ರೆ ಹೋಗ್ತದೆ.”

“ಯಾವಾಗಿಂದ?”

ಅವರು ಸ್ವಲ್ಪ ಹೊತ್ತು ಯೋಚಿಸಿ, “ಹ್ವಾದ್ ವರ್ಷ ಮಳೆಗಾಲದಿಂದ ಇರಬೇಕು” ಎಂದರು.

ಆ ಸಾಲುಗಳು ನನಗೆ ಹೊಸದಾಗಿರಲಿಲ್ಲ. ವಿಂಡೋಸ್ ಹಾಕುವಾಗ ಎರಡು ದಿನದಲ್ಲಿ ಹತ್ತು ಸಲವಾದರೂ ನಾನೇ ಎಫ್-1 ಒತ್ತಿ ಮುಂದೆ ಹೋಗಿದ್ದೆ. ಬ್ಯಾಟರಿಯ ಮಾತಿರಬೇಕು, ಬ್ಯಾಟರಿ ಹೇಗೂ ಹೋಗಿದೆ ಎಂದುಕೊಂಡಿದ್ದೆ. ಈಗ ನಿಧಾನವಾಗಿ ಓದಿದೆ. ಅಡಾಪ್ಟರಿನ ವ್ಯಾಟ್ ಎಷ್ಟು, ಮಾದರಿ ಯಾವುದು ಎಂದು ತಿಳಿಯುತ್ತಿಲ್ಲ. ಬ್ಯಾಟರಿ ಚಾರ್ಜ್ ಆಗದೆ ಹೋಗಬಹುದು. ದೊರೆಯುವ ವಿದ್ಯುತ್ತಿಗೆ ತಕ್ಕಂತೆ ಯಂತ್ರ ತನ್ನ ಕಾರ್ಯಶಕ್ತಿಯನ್ನು ಹೊಂದಿಸಿಕೊಳ್ಳುತ್ತದೆ. ಅವರ ಮೊದಲ ಎರಡು ದೂರುಗಳ ಕಾರಣವನ್ನು ಯಂತ್ರ ಒಂದು ವರ್ಷದಿಂದ ದಿನವೂ ಬರೆದು ತೋರಿಸುತ್ತಿತ್ತು.

ಇದರ ಹಿಂದಿನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಕೆಲವು ಕಂಪನಿಗಳ ಲ್ಯಾಪ್‌ಟಾಪುಗಳಲ್ಲಿ ಅಡಾಪ್ಟರಿನ ದುಂಡು ಪಿನ್ನಿನ ನಟ್ಟನಡುವೆ ಒಂದು ಸಣ್ಣ ಸೂಜಿಯಿರುತ್ತದೆ. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಗುರುತು ಹರಿಯುತ್ತದೆ. ಅಡಾಪ್ಟರಿನೊಳಗಿನ ಪುಟ್ಟ ಚಿಪ್ ಒಂದು ಆ ತಂತಿಯ ಮೂಲಕ ತಾನು 45 ವ್ಯಾಟಿನದೋ 65 ವ್ಯಾಟಿನದೋ ಎಂದು ಯಂತ್ರಕ್ಕೆ ತಿಳಿಸುತ್ತದೆ. ಆ ಉತ್ತರ ಬರದಿದ್ದರೆ, ಎಷ್ಟು ಎಳೆದರೆ ಅಪಾಯವೋ ತಿಳಿಯದ ಯಂತ್ರ ತೀರ ಕಡಿಮೆ ವಿದ್ಯುತ್ತಿನಲ್ಲಿ ಬದುಕಲು ತೀರ್ಮಾನಿಸುತ್ತದೆ: ಬ್ಯಾಟರಿಗೆ ಚಾರ್ಜ್ ಕೊಡುವುದಿಲ್ಲ, ಪ್ರೊಸೆಸರನ್ನು ಕೆಳವೇಗದಲ್ಲಿ ಕಟ್ಟಿಹಾಕುತ್ತದೆ. ₹450ರ ಅಡಾಪ್ಟರನ್ನು ಮಲ್ಟಿಮೀಟರಿನಲ್ಲಿ ನೋಡಿದಾಗ 19.4 ವೋಲ್ಟ್ ಸರಿಯಾಗಿಯೇ ಬರುತ್ತಿತ್ತು. ಅದರಲ್ಲಿ ಇರದಿದ್ದುದು ಆ ಗುರುತು ಮಾತ್ರ. ಮೂಲ ಅಡಾಪ್ಟರಿನಲ್ಲೂ ತಂತಿ ಕುತ್ತಿಗೆಯಲ್ಲಿ ಸವೆದಾಗ ಮೊದಲು ತುಂಡಾಗುವುದು ತೀರ ತೆಳುವಾದ ಈ ಗುರುತಿನ ತಂತಿಯೇ. ಆಗಲೂ ಇದೇ ಲಕ್ಷಣಗಳು ಕಾಣುತ್ತವೆ.

ಅಂಗಡಿಯಲ್ಲಿ ದುರಸ್ತಿಗೆ ಬಂದಿದ್ದ ಅದೇ ಕಂಪನಿಯ ಇನ್ನೊಂದು ಯಂತ್ರದ 65 ವ್ಯಾಟ್ ಅಡಾಪ್ಟರನ್ನು ಸಿಕ್ಕಿಸಿ ಹಚ್ಚಿದೆವು. ಕಪ್ಪು ಪರದೆಯ ಸಾಲುಗಳು ಬರಲಿಲ್ಲ. ಮೂಲ ಬ್ಯಾಟರಿಯನ್ನು ಸಿಕ್ಕಿಸಿದಾಗ ಒಂದು ವರ್ಷದಿಂದ ಕಾಣದಿದ್ದ ಚಾರ್ಜಿಂಗ್ ದೀಪ ಹೊತ್ತಿತು. ಪ್ರೊಸೆಸರಿನ ವೇಗ 1.99. ಅದೇ 64 ಪುಟದ ಪಿಡಿಎಫ್ ನಾಲ್ಕು ನಿಮಿಷದಲ್ಲಿ ಮುಗಿಯಿತು.

ಮದರ್‌ಬೋರ್ಡ್ ಕೆಟ್ಟಿದೆ ಎಂದ ಅಂಗಡಿಯವರನ್ನು ನಾನು ದೂರುವುದಿಲ್ಲ. ಎರಡು ಬ್ಯಾಟರಿ ಒಟ್ಟಿಗೆ ಕೆಟ್ಟಿರಲಾರವು ಎಂಬ ಅವರ ತರ್ಕ ಸರಿಯೇ ಇತ್ತು. ಯಂತ್ರ ಆ ಅಡಾಪ್ಟರಿನಲ್ಲಿ ಓಡುತ್ತಿದೆ, ಆದ್ದರಿಂದ ಅಡಾಪ್ಟರ್ ಸರಿಯಿದೆ ಎಂಬ ಮಾತನ್ನು ಯಾರೂ ಪರೀಕ್ಷಿಸಲಿಲ್ಲ. ನಾನೂ ಪರೀಕ್ಷಿಸಿರಲಿಲ್ಲ. ಅಡಾಪ್ಟರ್ ಬದಲಿಸಿದ್ದೂ ಬ್ಯಾಟರಿ ನಿಂತದ್ದೂ ಒಂದೇ ಮಳೆಗಾಲದಲ್ಲಿ ಎಂಬುದು ಅವರ ಮನೆಯ ಬಿಲ್ಲುಗಳಲ್ಲೇ ಇತ್ತು. ಆ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ₹6,500ರ ಮಾತೂ ಬರುತ್ತಿರಲಿಲ್ಲ, ₹1,400ರ ಬ್ಯಾಟರಿಯೂ ಬರುತ್ತಿರಲಿಲ್ಲ.

ಬ್ಯಾಟರಿ, ಪರದೆ, ಕೀಲಿಮಣೆ

ಕಂಪನಿಯ ಅಡಾಪ್ಟರನ್ನು ₹1,950ಕ್ಕೆ ತರಿಸಿದೆವು. ಆಗ ನಮ್ಮ ಮುಂದೆ ಎರಡು ಬ್ಯಾಟರಿಗಳಿದ್ದವು. ವಿಂಡೋಸಿನಲ್ಲೇ ಸಿಗುವ ಬ್ಯಾಟರಿ ವರದಿ ತೆಗೆದಾಗ ಮೂಲ ಬ್ಯಾಟರಿ 40 ವ್ಯಾಟ್-ಅವರಿನ ಜಾಗದಲ್ಲಿ ಈಗ 15ನ್ನು ಮಾತ್ರ ಹಿಡಿಯುತ್ತದೆ ಎಂದಿತು. ವಯಸ್ಸು ಒಂದು ಕಾರಣ, ವರ್ಷವಿಡೀ ಚಾರ್ಜಿಲ್ಲದೆ ಕಪಾಟಿನಲ್ಲಿ ಬಿದ್ದದ್ದು ಇನ್ನೊಂದು. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿಯಾಗಿ ಬಹಳ ಕಾಲ ಇಡಬಾರದು. ಆನ್‌ಲೈನಿನಲ್ಲಿ ತರಿಸಿದ್ದು ವರದಿಯಲ್ಲಿ 40 ತೋರಿಸಿತಾದರೂ 35 ನಿಮಿಷಕ್ಕೆ ಆರಿತು. ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ಇರಲಿಲ್ಲ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಲಿಲ್ಲ. ನಮ್ಮ ದೇಶದಲ್ಲಿ ಇಂಥ ಲಿಥಿಯಂ ಬ್ಯಾಟರಿಗಳಿಗೆ ಐಎಸ್ 16046 ಮಾನಕದ ಪ್ರಕಾರ ನೋಂದಣಿ ಕಡ್ಡಾಯ. ಬೆಳಕಿಗೆ ಹಿಡಿದು ನೋಡಿದರೆ ನಡುಭಾಗ ತುಸು ಉಬ್ಬಿದಂತೆಯೂ ಕಂಡಿತು. ಅದನ್ನು ಮತ್ತೆ ಬಳಸಬೇಡಿ ಎಂದೆ. ಹಾಗೆಂದು ಕಸದ ಗಾಡಿಗೆ ಹಾಕುವಂತೆಯೂ ಇಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹದ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ, ಆದರೆ ನಮ್ಮ ಊರಿನಲ್ಲಿ ಅಂಥ ಸಂಗ್ರಹ ಕೇಂದ್ರವಿಲ್ಲ. ನಾನು ಒಣ ಮರಳು ತುಂಬಿದ ತಗಡಿನ ಡಬ್ಬದಲ್ಲಿ ಇಂಥವನ್ನು ಇಟ್ಟು, ಹುಬ್ಬಳ್ಳಿಗೆ ಹೋಗುವಾಗ ಒಯ್ದು ಒಪ್ಪಿಸುತ್ತೇನೆ.

ಹೊಸ ಬ್ಯಾಟರಿ ಸರ್ವೀಸ್ ಸೆಂಟರಿನಿಂದಲೇ ₹3,900ಕ್ಕೆ ಬಂತು. ಡಿಟಿಪಿಯವರಿಗೆ ಬ್ಯಾಟರಿ ಎಂದರೆ ಪ್ರಯಾಣದ ವಸ್ತುವಲ್ಲ. ಕರೆಂಟು ಹೋದಾಗ ಕಡತ ಉಳಿಸಿಕೊಳ್ಳುವ ಯುಪಿಎಸ್. ಅಷ್ಟಕ್ಕೆ ಹಳೆಯದೇ ಸಾಕಾಗುತ್ತಿತ್ತೇನೋ. ಏಳು ವರದಿಗಳ ಗಡುವಿನಲ್ಲಿ ಹಾಗೆ ಅಳೆಯಲು ಮನಸ್ಸಾಗಲಿಲ್ಲ.

ಪರದೆಯ ವಿಚಾರದಲ್ಲಿ ಚರ್ಚೆ ನಡೆಯಿತು. ಒಳಗಿನ ಪರದೆಯನ್ನೇ 1920×1080ಕ್ಕೆ ಬದಲಿಸೋಣ ಎಂದು ಮಗನ ಆಸೆ. ಎರಡೂ ಪರದೆಗಳ 30 ಪಿನ್ನಿನ ಕನೆಕ್ಟರ್ ಒಂದೇ ಥರ ಕಾಣುತ್ತದೆ ನಿಜ. ಆದರೆ ಕಡಿಮೆ ರೆಸಲ್ಯೂಷನ್ನಿನ ಪರದೆಗೆ ಒಂದು ಜೋಡಿ ಸಂಕೇತ ತಂತಿ ಸಾಕು, ಫುಲ್ ಎಚ್‌ಡಿಗೆ ಎರಡು ಬೇಕು. ಯಂತ್ರದಲ್ಲಿರುವ ಕೇಬಲಿನಲ್ಲಿ ಒಂದೇ ಜೋಡಿ ಇದ್ದರೆ ಪರದೆಯ ಜೊತೆಗೆ ಕೇಬಲನ್ನೂ ಹುಡುಕಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, 15 ಅಂಗುಲದ ಪರದೆ ಎಷ್ಟೇ ಸ್ಪಷ್ಟವಾದರೂ ಎರಡು ಪುಟಗಳನ್ನು ಅಕ್ಕಪಕ್ಕ ಓದುವಷ್ಟು ದೊಡ್ಡದಾಗುವುದಿಲ್ಲ. ₹7,400ರ 22 ಅಂಗುಲದ ಮಾನಿಟರನ್ನು ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿದೆವು. ಅದನ್ನು ಮನೆಯ ಇನ್ವರ್ಟರಿನ ಸಾಲಿಗೆ ಹಾಕಿಸಿದರು. ಕರಡು ತಿದ್ದುವಾಗ ಒತ್ತಕ್ಷರಗಳು ಈಗ ಕಣ್ಣಿಗೆ ಬೀಳುತ್ತವೆ, ಮುಂಚೆ ಪ್ರತಿ ಪುಟವನ್ನೂ ದೊಡ್ಡದು ಮಾಡಿ ನೋಡಬೇಕಿತ್ತು ಎಂದು ಅವರು ಹೇಳಿದ್ದನ್ನು ಗುರುತು ಹಾಕಿಕೊಂಡಿದ್ದೇನೆ. ನಾನು ಕೊಟ್ಟ ಅಷ್ಟೂ ಭಾಗಗಳಲ್ಲಿ ಅವರ ಕೆಲಸವನ್ನು ನಿಜಕ್ಕೂ ಸುಧಾರಿಸಿದ್ದು ಇದೇ ಎಂದು ನನ್ನ ಅಭಿಪ್ರಾಯ. ಉಳಿದವು ಹಳೆಯ ವೇಗವನ್ನು ಮರಳಿ ಕೊಟ್ಟವು.

ಕೀಲಿಮಣೆಗೆ ₹650ರ ಯುಎಸ್‌ಬಿ ಕೀಲಿಮಣೆ. ಕೂಲಿಂಗ್ ಪ್ಯಾಡ್ ಫ್ಯಾನಿನ ತಂತಿ ಬಿಚ್ಚಿಸಿಕೊಂಡು ಲ್ಯಾಪ್‌ಟಾಪಿನ ಅಡಿ ಸ್ಟ್ಯಾಂಡಾಗಿ ಕೂತಿದೆ. ತಳದ ಗಾಳಿಕಿಂಡಿ ಮೇಜಿಗೆ ಅಂಟದಿರಲು ಅಷ್ಟು ಎತ್ತರ ಸಾಕು.

ಫಲಿತಾಂಶ ಮತ್ತು ಅದರಿಂದ ಕಲಿತದ್ದು

ಎಸ್‌ಎಸ್‌ಡಿಗೆ ₹3,100, ರ‍್ಯಾಮಿಗೆ ₹1,900, ಶುಚಿ ಮತ್ತು ಜೋಡಣೆಗೆ ₹1,200 ಸೇರಿ ನನ್ನ ಬಳಿ ಬಂದ ಮೇಲಿನ ಖರ್ಚು ₹21,600. ಅದರಲ್ಲಿ ಮಾನಿಟರ್, ಕೀಲಿಮಣೆ, ಬ್ಯಾಕಪ್ ಡ್ರೈವಿನ ಎನ್‌ಕ್ಲೋಷರ್ ಮುಂದೆ ಯಾವ ಯಂತ್ರ ಬಂದರೂ ಜೊತೆಗೆ ಹೋಗುತ್ತವೆ. ಏಳೂ ವರದಿಗಳು ಸೆಪ್ಟೆಂಬರ್ ಮೊದಲ ವಾರದೊಳಗೆ ಪ್ರೆಸ್ಸಿಗೆ ಹೋದವು.

ಈ ಪ್ರಕರಣದ ನಂತರ ನನ್ನ ಅಂಗಡಿಯ ಕ್ರಮ ಬದಲಾಗಿದೆ. ಯಂತ್ರ ಒಪ್ಪಿಸಿಕೊಳ್ಳುವ ಚೀಟಿಯಲ್ಲಿ ಮೊದಲು ಮಾದರಿ ಮತ್ತು ದೂರು ಮಾತ್ರ ಬರೆದುಕೊಳ್ಳುತ್ತಿದ್ದೆ. ಈಗ ಕಳೆದ ಎರಡು ವರ್ಷಗಳಲ್ಲಿ ಏನೇನು ಬದಲಿಸಿದ್ದೀರಿ, ಯಾವ ತಿಂಗಳು ಎಂದು ಕೇಳಿ ಬರೆಯುತ್ತೇನೆ. ಯಂತ್ರದ ಜೊತೆ ಅವರು ದಿನವೂ ಬಳಸುವ ಅಡಾಪ್ಟರನ್ನೇ ತರಲು ಹೇಳುತ್ತೇನೆ, ಮತ್ತು ನನ್ನ ಮುಂದೆ ಅವರಿಂದಲೇ ಒಮ್ಮೆ ಹಚ್ಚಿಸುತ್ತೇನೆ, ಏಕೆಂದರೆ ಬಳಸುವವರ ಕೈಗೆ ರೂಢಿಯಾದದ್ದು ಅವರ ಮಾತಿನಲ್ಲಿ ಬರುವುದಿಲ್ಲ. ಪ್ರೊಸೆಸರಿನ ವೇಗವನ್ನು ಹೊರೆ ಹಾಕಿ ನೋಡುವುದು ಈಗ ಮೊದಲ ಪರೀಕ್ಷೆ. ಅದನ್ನು ಮೊದಲ ದಿನವೇ ಮಾಡಿದ್ದರೆ ಅಡಾಪ್ಟರ್ ಅಂದೇ ಸಿಕ್ಕಿಬೀಳುತ್ತಿತ್ತು. ಡಿಸ್ಕ್ ಹೇಗೂ ಸಾಯುತ್ತಿತ್ತು, ಆದ್ದರಿಂದ ಎಸ್‌ಎಸ್‌ಡಿ ಬೇಕೇ ಇತ್ತು. ರ‍್ಯಾಮ್ ಮತ್ತು ಬ್ಯಾಟರಿಯ ವಿಚಾರದಲ್ಲಿ ಬೇರೆ ಲೆಕ್ಕ ಹಾಕುತ್ತಿದ್ದೆವೇನೋ. ಬ್ಯಾಕಪ್ ಆಗುವವರೆಗೆ ಸ್ಕ್ರೂ ಬಿಚ್ಚುವುದಿಲ್ಲ ಎಂಬ ನಿಯಮವನ್ನೂ ಆಗಲೇ ಮಾಡಿಕೊಂಡೆ.

ಒಂದು ವಿಷಯ ಬಗೆಹರಿಯದೆ ಉಳಿದಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್ ಬೇಕು, ಇದು ಆರನೆಯದು. ಅಡ್ಡದಾರಿಗಳಿವೆ, ದುಡಿಮೆಯ ಯಂತ್ರದಲ್ಲಿ ಅವನ್ನು ಮಾಡಲು ನಾನು ಒಪ್ಪಲಿಲ್ಲ. ಮೈಕ್ರೋಸಾಫ್ಟ್ ಕೊಡುವ ಒಂದು ವರ್ಷದ ವಿಸ್ತೃತ ಭದ್ರತಾ ಅಪ್‌ಡೇಟುಗಳಿಗೆ ಯಂತ್ರವನ್ನು ನೋಂದಾಯಿಸಿದ್ದೇವೆ. ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಅಷ್ಟರೊಳಗೆ, ಅಂದರೆ ಮುಂದಿನ ವಾರ್ಷಿಕ ವರದಿಗಳ ಸೀಸನ್ ಮುಗಿದ ಕೂಡಲೇ, ಹೊಸ ಯಂತ್ರದ ತೀರ್ಮಾನ ಆಗಬೇಕು. ಆಗ ಪೇಜ್‌ಮೇಕರಿನಲ್ಲೇ ಮುಂದುವರಿಯುವುದೋ, ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಓದಿಸಿಕೊಳ್ಳುವ ಅಕ್ಷರ ಸಂಕೇತವಾದ ಯುನಿಕೋಡಿಗೆ ಹೊರಳುವುದೋ ಎಂಬ ಪ್ರಶ್ನೆಯನ್ನೂ ಎದುರಿಸಬೇಕಾಗುತ್ತದೆ. ಪುಟವಿನ್ಯಾಸಕಿ ಕಾಯದೆ ಕೆಲಸ ಶುರು ಮಾಡಿದ್ದಾರೆ. ಬೇರೆ ಕೆಲಸವಿಲ್ಲದ ಸಂಜೆಗಳಲ್ಲಿ ಹಳೆಯ ಕಡತಗಳ ಪಠ್ಯವನ್ನು ಒಂದೊಂದಾಗಿ ಯುನಿಕೋಡಿಗೆ ಪರಿವರ್ತಿಸಿ, ತಪ್ಪಿದ ಒತ್ತಕ್ಷರಗಳನ್ನು ದೊಡ್ಡ ಪರದೆಯಲ್ಲಿ ತಿದ್ದಿ, ಯುಎಸ್‌ಬಿ ಡ್ರೈವಿನಲ್ಲಿ ವರ್ಷವಾರು ಫೋಲ್ಡರು ಮಾಡಿ ಇಡುತ್ತಿದ್ದಾರೆ. 2013ರಿಂದ ಆರಂಭಿಸಿದವರು ಕಳೆದ ವಾರ ನಾನು ಹೋದಾಗ 2016ರ ಲಗ್ನಪತ್ರಿಕೆಗಳಿಗೆ ಬಂದಿದ್ದರು.